ಮೈಕಕ್ಕನ ಗಂಟಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ಸು ಓಡಿಸುವವನಿಗೆ ಅದು ಒಳ್ಳೆಯದಲ್ಲ ಎಂದು ಡಿಪೋದಲ್ಲಿ ಬುದ್ಧಿ ಹೇಳದವರಿಲ್ಲ. ಆದರೆ ನನ್ನ ಬಸ್ಸಿನ ಕಂಡಕ್ಟರಿಗೆ ಹೋಲಿಸಿದರೆ ನಾನು ಹಸುವಿನಂಥವನು. ಅವಳನ್ನು ಡಿಪೋ ಮ್ಯಾನೇಜರನಿಂದ ಹಿಡಿದು ಕೊನೇ ಸ್ಟಾಪಿನಲ್ಲಿ ಹಣ್ಣು ಮಾರುವವಳವರೆಗೆ ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು.

ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದಿನ ಬಾಗಿಲಲ್ಲಿ ನಿಂತು ಅವಳು ಸ್ಟಾಪು ಕೂಗಿದರೆ ನನ್ನ ಮುಂದಿನ ಗಾಜು ಅದುರುತ್ತಿತ್ತು. ಗಡಿಯಾರದ ಕಂಬ, ಬೆಂಕಿಪೆಟ್ಟಿಗೆ ಕಾರ್ಖಾನೆ, ಹಳೇ ಸೇತುವೆ, ಒಂದನ್ನೂ ಬಿಡುತ್ತಿರಲಿಲ್ಲ. ನಿದ್ದೆ ಹೋದವರನ್ನು ಭುಜ ಅಲುಗಿಸಿ ಎಬ್ಬಿಸುತ್ತಿದ್ದಳು. ಊರಿಗೆ ಹೊಸಬರು ಹತ್ತಿದರೆ ಮುಗಿಯಿತು, ಬಸ್ಸು ಎಲ್ಲೆಲ್ಲಿ ತಿರುಗುತ್ತದೆ, ಎಲ್ಲಿ ತಡವಾಗುತ್ತದೆ ಎಂದು ಪೂರ್ತಿ ವಿವರಿಸಿದ ಮೇಲೆಯೇ ಅವರಿಗೆ ಟಿಕೆಟ್. ಸಂತೆಯಂಥ ಗಲಾಟೆಯಲ್ಲಿ ದನಿ ಕೇಳಿಸದು ಅನ್ನಿಸಿದಾಗ ಮಾತ್ರ ಅಂಗೈಯಿಂದ ಬಸ್ಸಿನ ತಗಡಿಗೆ ಹೊಡೆಯುತ್ತಿದ್ದಳು. ಒಂದು ಏಟು ಬಿದ್ದರೆ ನಿಲ್ಲಿಸು, ಎರಡು ಬಿದ್ದರೆ ಹೊರಡು. ನನ್ನ ಬಲಗಾಲು ಆ ಏಟಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ನಾನು ಯೋಚಿಸುವ ಮೊದಲೇ ಬ್ರೇಕು ತುಳಿದಿರುತ್ತಿತ್ತು.

ಆ ದನಿ ಒಡೆಯತೊಡಗಿದಾಗ ನಾವೆಲ್ಲ ತಮಾಷೆ ಮಾಡಿದೆವು. ಮೈಕಿಗೆ ಕರೆಂಟು ಹೋಗಿದೆ ಎಂದೆವು. ಅವಳೂ ನಕ್ಕಳು. ಬಿಸಿನೀರು ಕುಡಿದಳು, ಮಾತ್ರೆ ನುಂಗಿದಳು, ಗುಣ ಕಾಣಲಿಲ್ಲ. ಕೊನೆಗೆ ಮಗ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅವನದು ಕನ್ನಡಕದ ಅಂಗಡಿ. ಮೆತ್ತಗಿನ ಹುಡುಗ, ಮನೆಯ ದನಿಯೆಲ್ಲ ತಾಯಿಗೇ ಹೋಗಿ ಅವನ ಪಾಲಿಗೆ ಏನೂ ಉಳಿದಿರಲಿಲ್ಲ.

ಅಲ್ಲಿ ಗಂಟಲೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಸಿಸ್ಟರ್ ಬಾಗಿಲಿಗೆ ಬಂದು, ಪೇಶೆಂಟು ಹೊರಗಿರಲಿ, ಮನೆಯವರು ಒಳಗೆ ಬನ್ನಿ ಎಂದಳಂತೆ. ಅಲ್ಲಿನ ಪದ್ಧತಿಯೇ ಅದು. ಕಾಯಿಲೆ ಯಾರದೋ ಅವರು ಬೆಂಚಿನ ಮೇಲೆ, ಕಾಯಿಲೆ ಇಲ್ಲದವರು ಡಾಕ್ಟರ ಮುಂದೆ. ಮಗ ಒಳಗೆ ಹೋದ. ಹೊರಗೆ ಬಂದವನು, ಸಣ್ಣ ಗಂಟು ಕಣಮ್ಮ, ತೆಗೆದುಬಿಡ್ತಾರಂತೆ ಎಂದ. ಅವಳು ನಂಬಿದಳು. ಹೆತ್ತ ಮಗ ಹೇಳಿದರೆ ಯಾರು ನಂಬುವುದಿಲ್ಲ?

ಒಳಗೆ ನಡೆದ ಮಾತು ನನಗೆ ತಿಳಿದದ್ದು ಆಮೇಲೆ, ಆದರೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕ್ಯಾನ್ಸರ್. ದನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆದರೆ ಜೀವ ಉಳಿಯುವ ಭರವಸೆ ಹೆಚ್ಚು, ದನಿ ಮಾತ್ರ ಹೋಯಿತು. ತೆಗೆಯದೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿ ನೋಡುವ ಇನ್ನೊಂದು ದಾರಿಯೂ ಇತ್ತು, ಅದರಲ್ಲಿ ದನಿ ಉಳಿದೀತು, ಕಾಯಿಲೆ ಮರಳುವ ಭಯ ಜಾಸ್ತಿ. ಡಾಕ್ಟರು ಎರಡನ್ನೂ ಮಗನಿಗೆ ಹೇಳಿದ್ದರು. ಅಮ್ಮನಿಗೆ ಗೊತ್ತಾದರೆ ಕುಸಿದುಹೋಗುತ್ತಾಳೆ, ಏನೂ ಹೇಳಬೇಡಿ, ಆಪರೇಷನ್ನೇ ಮಾಡಿಬಿಡಿ ಎಂದು ಮಗ ಕೈಮುಗಿದಿದ್ದ. ಅವರೂ ಹೂಂ ಅಂದಿದ್ದರು. ಅಂದರೆ ಮೈಕಕ್ಕ ಗಂಟು ತೆಗೆಸಿಕೊಳ್ಳುತ್ತೇನೆಂದು ಮಲಗಿ, ಮೂಗಿಯಾಗಿ ಏಳಬೇಕಿತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಗುಟ್ಟನ್ನು ಹೊರಹಾಕಿದ್ದು ಮನೆಯವರ ಪ್ರೀತಿ. ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಹೊರಟರೆ ಆಗುವುದೇ ಹೀಗೆ. ಸೊಸೆ ಎದುರುತ್ತರ ಕೊಡುವುದನ್ನು ನಿಲ್ಲಿಸಿದಳು. ಯಾವುದೋ ಕುಕ್ಕರಿನ ಜಗಳದಲ್ಲಿ ಮಾತು ಬಿಟ್ಟಿದ್ದ ನಾದಿನಿ ಹಣ್ಣಿನ ಚೀಲ ಹಿಡಿದು ಬಂದು, ಕಾಲೊತ್ತಿಕೊಡಲಾ ಎಂದು ಕೇಳಿದಳಂತೆ. ಮೈಕಕ್ಕ ಕೊನೇ ಸ್ಟಾಪಿನಲ್ಲಿ ಟೀ ಕುಡಿಯುತ್ತ ನನಗೆ ಇದನ್ನೆಲ್ಲ ಹೇಳಿ, ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂದು ನಕ್ಕಳು.

ಮರುದಿನ ಅವಳು ನಗಲಿಲ್ಲ. ಬೆಳಿಗ್ಗೆ ಡಿಪೋಗೆ ಬಂದವಳು ಯೂನಿಫಾರ್ಮ್ ಹಾಕಿರಲಿಲ್ಲ. ನನ್ನನ್ನು ಡೀಸೆಲ್ ಪಂಪಿನ ಪಕ್ಕಕ್ಕೆ ಕರೆದಳು.

"ನಿನ್ನೆ ಮಗ ಫೋನು ಮುಂದೆ ಹಿಡಿದು, ಸ್ಟಾಪೆಲ್ಲ ಒಂದ್ಸಲ ಕೂಗಮ್ಮ, ರೆಕಾರ್ಡ್ ಮಾಡ್ಕೋತೀನಿ ಅಂದ. ಅಮ್ಮಾ ಮೆತ್ತಗೆ ಮಾತಾಡು, ಪಕ್ಕದ ಮನೇಗೆ ಕೇಳುತ್ತೆ ಅಂತ ಹುಟ್ಟಿದಾಗಿಂದ ಜೀವ ತಿಂದೋನು ಅವನು. ಈಗ ಇನ್ನೂ ಮಾತಾಡು ಅಂತಾನೆ. ನನ್ನ ದನಿಗೆ ಏನೋ ಮಾಡ್ತಾರೆ ಕಣಪ್ಪಾ. ತೆಗಿ ನಿನ್ನ ಸ್ಕೂಟರ್ರು."

ಇಬ್ಬರೂ ರಜೆ ಹಾಕಿದೆವು. ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಉದ್ದದ ಬೆಂಚು, ಬೆಂಚಿನ ಪಕ್ಕದಲ್ಲಿ ಬಣ್ಣ ಕಿತ್ತ ತಗಡಿನ ಬೀರು. ನಮ್ಮ ಸರದಿ ಬಂದಾಗ ಸಿಸ್ಟರ್ ಅದೇ ಪಾಠ ಒಪ್ಪಿಸಿ, ನನ್ನನ್ನು ಒಳಗೆ ಕರೆದಳು. ನೋಡಿ ಇವರ ನ್ಯಾಯ! ನಾನು ಅವಳಿಗೆ ಅಣ್ಣನೂ ಅಲ್ಲ, ತಮ್ಮನೂ ಅಲ್ಲ, ಬಸ್ಸಿನ ಡ್ರೈವರು. ಆದರೂ ಅವಳ ಗಂಟಲ ವಿಷಯ ಅವಳಿಗಿಂತ ಮೊದಲು ನನಗೆ ಹೇಳಬಹುದು. ನಾನು ಬಾಯಿ ತೆರೆಯುವಷ್ಟರಲ್ಲಿ ಮೈಕಕ್ಕ ಸಿಸ್ಟರನ್ನು ದಾಟಿ ಒಳಗೆ ಹೋಗಿ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತಾಗಿತ್ತು.

ಡಾಕ್ಟರು ಕೆಟ್ಟವರಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ಟೇಬಲ್ ಮೇಲಿನ ಕಾಫಿ ಆರಿ ಕೆನೆಗಟ್ಟಿತ್ತು. ನಿಮ್ಮ ಮಗ ಬರಲಿ, ಅವರ ಹತ್ತಿರ ಎಲ್ಲ ಮಾತಾಡಿದ್ದೇನೆ ಎಂದರು.

"ಗಂಟಲು ನಂದು ಸಾರ್. ಮಗಂದಲ್ಲ."

ನಿಮಗೆ ಭಯವಾಗಬಾರದು ಅಂತಲೇ ಮನೆಯವರು ಹಾಗೆ ಕೇಳಿಕೊಂಡರು, ನಿಮ್ಮ ಒಳ್ಳೆಯದಕ್ಕೇ ಎಂದರು ಅವರು.

"ಆಗ್ಲಿ ಬಿಡಿ. ಭಯಾನೂ ನಂದೇ, ಅದನ್ನೂ ನನ್ನ ಕೈಯಿಂದ ಕಿತ್ಕೋಬೇಡಿ. ಎಲ್ಲಿಗೆ ಹೋಗುತ್ತೆ ಅಂತ ಹೇಳದೆ ನಾನು ಯಾರನ್ನೂ ಬಸ್ಸು ಹತ್ತಿಸಿದವಳಲ್ಲ. ನನ್ನನ್ನ ಮಾತ್ರ ಕಣ್ಣು ಕಟ್ಟಿ ಹತ್ತಿಸ್ತೀರಾ?"

ಸಿಸ್ಟರ್ ಅವಳ ಭುಜದ ಮೇಲೆ ಕೈಯಿಟ್ಟು ಏಳಿಸಲು ನೋಡಿದಳು. ಮೈಕಕ್ಕ ಕುರ್ಚಿಯ ಎರಡೂ ಕೈ ಹಿಡಿದುಕೊಂಡಳು. ಹೇಳುವವರೆಗೂ ನಾನು ಏಳುವುದಿಲ್ಲ, ಬೇಕಾದರೆ ಕುರ್ಚಿ ಸಮೇತ ಎತ್ತಿ ಹೊರಗೆ ಹಾಕಿ ಎಂದಳು. ಹಾಗೆ ಎತ್ತಲು ಯಾರಾದರೂ ಬಂದಿದ್ದರೆ ಆ ದಿನ ನನ್ನ ಕೆಲಸ ಹೋಗುತ್ತಿತ್ತು, ಅಷ್ಟು ಸಿಟ್ಟು ನನಗಿತ್ತು.

ಯಾರೂ ಬರಲಿಲ್ಲ. ಡಾಕ್ಟರು ಮುಂದಿದ್ದ ಫೈಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಒಂದು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ಒಂದೊಂದಾಗಿ ಎಲ್ಲವನ್ನೂ ಹೇಳಿದರು. ಎರಡು ದಾರಿಗಳನ್ನೂ ಹೇಳಿದರು. ಮೈಕಕ್ಕ ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಅಳುತ್ತಲೇ ಪ್ರಶ್ನೆ ಕೇಳಿದಳು. ಉಸಿರು ಎಲ್ಲಿಂದ, ಊಟ ಹೇಗೆ, ಬೇರೆ ರೀತಿಯಲ್ಲಿ ಮಾತು ಕಲಿಯಬಹುದಾ? ಕಲಿಸುತ್ತೇವೆ, ನಿಧಾನವಾಗಿ ಬರುತ್ತದೆ, ಹಳೇ ದನಿ ಮಾತ್ರ ಬರುವುದಿಲ್ಲ ಎಂದರು. ಯೋಚಿಸಿ ಹೇಳುತ್ತೇನೆ, ಅಲ್ಲಿವರೆಗೆ ಯಾರೂ ನನ್ನನ್ನು ಮುಟ್ಟುವ ಹಾಗಿಲ್ಲ ಎಂದು ಹೇಳಿ ಎದ್ದಳು.

ಮನೆಯಲ್ಲಿ ಜಗಳವಾಯಿತು. ಸೊಸೆ, ನಾದಿನಿ ಎಲ್ಲರೂ ಇದ್ದರು. ಮಗ ಸೋಫಾದ ತುದಿಯಲ್ಲಿ ತಲೆ ತಗ್ಗಿಸಿ ಕೂತು, ನೀನು ತಡ್ಕೊಳ್ಳಲ್ಲ ಅಂದ್ಕೊಂಡೆ ಅಮ್ಮ, ನೀನು ಬದುಕಿದ್ರೆ ಸಾಕು ಅನ್ನಿಸ್ತು ಎಂದ. ಮೈಕಕ್ಕ ಉಳಿದ ದನಿಯನ್ನೆಲ್ಲ ಒಟ್ಟು ಸೇರಿಸಿ ಕೇಳಿದಳು.

"ಎದ್ದ ಮೇಲೆ ನಿನ್ನ ಕರೆಯೋಕೆ ಬಾಯಿ ತೆಗೀತೀನಿ, ದನಿ ಬರಲ್ಲ. ನನಗೆ ಏನು ಮಾಡಿದ್ರೋ ಅಂತ ಆಗ ಯಾರನ್ನ ಕೇಳ್ಬೇಕಿತ್ತು? ಕೇಳೋಕೆ ಏನು ಉಳಿಸಿದ್ದೆ ನೀನು?"

ಮಗ ಸೋಫಾದಿಂದ ಕೆಳಗಿಳಿದು ಅವಳ ಕಾಲ ಬಳಿ ಕೂತ. ಅವಳ ಮಡಿಲಲ್ಲಿ ಮುಖವಿಟ್ಟು ಅತ್ತ. ಅವಳು ಬೈಯುತ್ತಲೇ ಅವನ ತಲೆ ಸವರುತ್ತಿದ್ದಳು.

ಕೊನೆಗೆ ಅವಳು ಆರಿಸಿಕೊಂಡದ್ದು ಆಪರೇಷನ್ನನ್ನೇ. ಹಾಗಾದರೆ ಇಷ್ಟೆಲ್ಲ ರಂಪ ಏಕೆ ಬೇಕಿತ್ತು, ಮಗ ಹೇಳಿದ್ದೂ ಅದನ್ನೇ ಅಲ್ಲವಾ ಎಂದು ನಾದಿನಿ ಕೇಳಿದಳು. ಇಂಥವರಿಗೆ ಏನು ಹೇಳುವುದು? ಒಬ್ಬಳು ತಾನಾಗಿ ಕೊಡುವುದಕ್ಕೂ ಅವಳಿಂದ ಕದಿಯುವುದಕ್ಕೂ ವ್ಯತ್ಯಾಸವಿಲ್ಲವಾ?

ಆಸ್ಪತ್ರೆಗೆ ಸೇರುವ ಮುನ್ನಾದಿನ ಅವಳು ಡ್ಯೂಟಿಗೆ ಬಂದಳು. ಮಗನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಈಗ ತೆಗಿ ನಿನ್ನ ಫೋನು, ಈಗ ನಾನೇ ಕೊಡ್ತಿದ್ದೀನಿ ಎಂದಳು. ಗಡಿಯಾರದ ಕಂಬದಿಂದ ಕೊನೇ ಸ್ಟಾಪಿನವರೆಗೆ ಒಡಕು ದನಿಯಲ್ಲೇ ಒಂದೂ ಬಿಡದೆ ಕೂಗಿದಳು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಅವಳು ನನಗೆ ಹೇಳಿದ ಕೊನೆಯ ಮಾತು, ಹೊಸ ಕಂಡಕ್ಟರ್ ಹುಡುಗಿ ಮೇಲೆ ರೇಗಬೇಡ ಎಂದು. ನಾನು ಆಗಲಿ ಎಂದೆ. ಅದನ್ನು ಪೂರ್ತಿ ನಡೆಸಿಕೊಟ್ಟಿಲ್ಲ.

ಗಾಯ ಮಾಗಿದ ಮೇಲೆ ಒಂದು ದಿನ ತೋರಿಸಲು ಹೋಗಿದ್ದೆವು. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ್ದ ತೂತಿನ ಮೇಲೆ ತೆಳು ಬಟ್ಟೆ ಕಟ್ಟಿಕೊಂಡು ಮೈಕಕ್ಕ ಅದೇ ಬೆಂಚಿನ ಮೇಲೆ, ಬೀರುವಿನ ಪಕ್ಕ ಕೂತಿದ್ದಳು. ಹೊಸ ಮಾತಿನ ಕಲಿಕೆ ಇನ್ನೂ ಶುರುವಾಗಿರಲಿಲ್ಲ. ನಮ್ಮ ಆಚೆಗೆ ಒಬ್ಬ ಮುದುಕ, ಬಡಗಿಯಿರಬೇಕು, ಉಗುರಿನ ಸಂದಿಯಲ್ಲಿ ಪಾಲಿಶ್ ಬಣ್ಣ. ಜೊತೆಗೆ ಇಬ್ಬರು ಗಂಡುಮಕ್ಕಳು. ಬಾಗಿಲು ತೆರೆಯಿತು. ಪೇಶೆಂಟು ಹೊರಗಿರಲಿ, ಮನೆಯವರು ಬನ್ನಿ ಎಂದಳು ಸಿಸ್ಟರ್. ಮಕ್ಕಳು ಎದ್ದರು. ಮುದುಕ ಬ್ಯಾಗು ತಬ್ಬಿಕೊಂಡು ಬಾಗಿಲನ್ನೇ ನೋಡುತ್ತ ಕೂತ.

ಮೈಕಕ್ಕನ ಅಂಗೈ ತಗಡಿನ ಬೀರುವಿಗೆ ಬಡಿಯಿತು. ಒಂದೇ ಏಟು.

ನನ್ನ ಬಲಗಾಲು ತಾನಾಗಿ ನೆಲವನ್ನು ತುಳಿಯಿತು. ಇಡೀ ಕಾರಿಡಾರು ನಿಂತಿತು. ಸಿಸ್ಟರ್ ತಿರುಗಿದಳು, ಮಕ್ಕಳು ತಿರುಗಿದರು, ಒಳಗಿಂದ ಡಾಕ್ಟರೂ ಬಾಗಿಲಿಗೆ ಬಂದರು. ಮೈಕಕ್ಕ ಮುದುಕನತ್ತ ಬೆರಳು ತೋರಿಸಿ, ಅದೇ ಬೆರಳನ್ನು ಬಾಗಿಲತ್ತ ತಿರುಗಿಸಿದಳು.

"ನಾನೇ ಹೋಗ್ಬೇಕಾ ತಾಯಿ?" ಮುದುಕ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು. ಡಾಕ್ಟರು ಅವಳನ್ನು ನೋಡಿದರು, ಮುದುಕನನ್ನು ನೋಡಿದರು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು, ನೀವೇ ಬನ್ನಿ ಯಜಮಾನ್ರೆ ಎಂದರು. ಮುದುಕ ಬ್ಯಾಗನ್ನು ಮಕ್ಕಳ ಕೈಗೆ ಕೊಟ್ಟು ಒಳಗೆ ನಡೆದ. ಅವನು ಕುರ್ಚಿಯಲ್ಲಿ ಸರಿಯಾಗಿ ಕೂರುವವರೆಗೆ ಕಾದಿದ್ದು, ಮೈಕಕ್ಕ ಬೀರುವಿಗೆ ಎರಡು ಏಟು ಹೊಡೆದಳು.