ಕೆಂಡದ ಮೇಲೆ ಎರಡು ಚೊಂಬು ನೀರು

ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಆ ವರ್ಷ ನಾನು ಕಾರ್ಯದರ್ಶಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ ಎಂಬುದೇ ನನ್ನ ಅರ್ಹತೆ. ದೇಶವು 2070ರ ಹೊತ್ತಿಗೆ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ಇಳಿಸುತ್ತದಂತೆ, ನಾವು ಅದಕ್ಕೆ ಮೊದಲೇ ಇಳಿಸಿ ಗೇಟಿಗೆ ಬೋರ್ಡು ಹಾಕಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಕಟ್ಟಡ ನಿಂತಿರುವುದು ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಸಭೆಯಲ್ಲಿ ಅವರಿಗೆ ಎದುರು ಮಾತಾಡುವವರಿರಲಿಲ್ಲ.

ಪಟ್ಟಿ ಮಾಡಿದವನು ನಾನು. ಕಾರುಗಳನ್ನು ಬಿಟ್ಟೆ, ಅವು ಆಯಾ ಮನೆಯವರವು. ಜನರೇಟರ್ ಬಿಟ್ಟೆ, ಅದು ಇನ್ನೂ ಬಿಲ್ಡರ್ ಹೆಸರಿನಲ್ಲಿತ್ತು. ಲಿಫ್ಟಿಗೂ ಮೆಟ್ಟಿಲ ದೀಪಗಳಿಗೂ ತಾರಸಿಯ ಸೋಲಾರ್ ಸಾಕು ಎಂದು ಬರೆದೆ. ಸಂಘದ ಲೆಕ್ಕದಲ್ಲಿ ಉಳಿದದ್ದು ಒಂದೇ: ಗೇಟಿನ ಒಳಗೆ, ಹೊಂಗೆ ಮರದಡಿ ಗಾಡಿಯಿಟ್ಟು ಇಸ್ತ್ರಿ ಮಾಡುವ ಹೆಂಗಸಿನ ಇದ್ದಿಲು. ಮರ ಮತ್ತೆ ಬೆಳೆಯುತ್ತದೆಂದು ಮರದ ಇದ್ದಿಲನ್ನು ಕಲ್ಲಿದ್ದಲಿನಂತೆ ಲೆಕ್ಕ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಆಕೆ ಬಾಗಲೂರಿನ ಕಡೆಯವರು, ಐವತ್ತು ದಾಟಿದವರು. ಸೋಮವಾರದಿಂದ ಬರಬೇಡಿ ಎಂದು ಸಭೆಗೆ ಕರೆಸಿ ಹೇಳಿದಾಗ ಯಾಕೆಂದು ಕೇಳಿದರು. ಯೋಜನೆಯನ್ನು ನಾನೇ ಸರಳವಾಗಿ ವಿವರಿಸಿದೆ.

"ದೇಸಕ್ಕೆ ಎಪ್ಪತ್ತನೇ ಇಸ್ವಿ ತಂಕ ಟೈಮು. ನಂಗೆ ಸೋಮ್ವಾರಾನಾ ಸಾರ್?"

"ದೇಶಕ್ಕಿಂತ ನೀನೇ ಫಾಸ್ಟು ಬಿಡಮ್ಮ," ಎಂದರು ಖಜಾಂಚಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ಪ್ಲಗ್ ಪಾಯಿಂಟ್ ಕೊಟ್ಟರೆ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತರುತ್ತೇನೆ ಎಂದು ಆಕೆ ಕೇಳಿಕೊಂಡರು. ಅಧ್ಯಕ್ಷರು ನನ್ನತ್ತ ತಿರುಗಿದರು. ಸೋಲಾರ್ ಅಷ್ಟಕ್ಕೆ ಸಾಲದು, ಹೊರಗಿನ ಕರೆಂಟಿನಲ್ಲಿ ಕಲ್ಲಿದ್ದಲಿನದೂ ಸೇರಿರುತ್ತದೆ, ಆಗ ಸೊನ್ನೆ ಆಗುವುದಿಲ್ಲ ಎಂದೆ. ಅದು ನಿಜ. ಆಕೆ ಎದ್ದು ಹೋದರು. ಬಾಗಲಗುಂಟೆಯಲ್ಲಿ ಒಂದು ಅಂಗಡಿಯ ಮುಂದೆ ಜಾಗ ಗೊತ್ತು ಮಾಡಿಕೊಂಡಿದ್ದಾರೆ, ಗಾಡಿ ಮಾರಿ ಇಸ್ತ್ರಿ ಪೆಟ್ಟಿಗೆಯನ್ನಷ್ಟೇ ಒಯ್ಯುತ್ತಾರೆ ಎಂದು ಆಮೇಲೆ ವಾಚ್‌ಮನ್ ಹೇಳಿದ.

ಭಾನುವಾರ ಬೆಳಿಗ್ಗೆ ಬೋರ್ಡು ಬಂತು. ಕೊನೆಯ ಕೆಂಡ ಆರಿಸುವ ಫೋಟೋ ಬೇಕು, ಅದನ್ನೂ ಆಕೆಯೇ ಆರಿಸಬೇಕು ಎಂದರು ಅಧ್ಯಕ್ಷರು. ಆಕೆ ಎಂದೂ ಕೆಂಡ ಆರಿಸಿದವರಲ್ಲ. ಸಂಜೆ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು, ತಾನಾಗಿ ಬೂದಿಯಾಗುವ ತನಕ ಪಕ್ಕದಲ್ಲಿ ಕುಳಿತಿರುತ್ತಿದ್ದರು.

"ಉರಿಯೋ ಕೆಂಡಕ್ಕೆ ನೀರು ಉಯ್ಯೋದು ಮಸಾಣದಾಗೆ," ಎಂದರು. "ಬೀಡು ಕಬ್ಣದ ಪೆಟ್ಗೆ ಬೇರೆ. ಕಾದಾಗ ನೀರು ಬಿದ್ರೆ ಸೀಳ್ತದೆ."

ಅಧ್ಯಕ್ಷರು ಚೊಂಬನ್ನು ನನ್ನ ಕೈಗೆ ಕೊಟ್ಟರು. "ನೀವ್ ಹಾಕ್ರೀ ಮೇಷ್ಟ್ರೇ. ಬಿಸಿಲು ಏರ್ತಾ ಇದೆ."

ಹಾಕಿದೆ. ಬೂದಿ ಬೆರೆತ ಹಬೆ ಒಮ್ಮೆಲೇ ಮೇಲೆದ್ದಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೊಬೈಲು ಹಿಡಿದಿದ್ದ ಖಜಾಂಚಿ, ಹೊಗೆ ಬೋರ್ಡಿಗೆ ಅಡ್ಡ ಬಂತು, ಇನ್ನೊಂದು ಸಲ ಎಂದರು. ಯಾರೋ ಚೊಂಬು ತುಂಬಿಸಿ ತಂದರು. ತಳದಲ್ಲಿ ಇನ್ನೂ ಕೆಂಪಿತ್ತು. ಅಲ್ಲಿಗೇ ಗುರಿಯಿಟ್ಟು ಹಾಕಿದೆ. ಟಪ್ ಎಂದಿತು. ದೊಡ್ಡ ಸದ್ದೇನಲ್ಲ. ಫೋಟೋ ಚೆನ್ನಾಗಿ ಬಂದಿತ್ತು. ಉಳಿದವರೆಲ್ಲ ಇಡ್ಲಿ ತಿನ್ನಲು ಕ್ಲಬ್‌ಹೌಸಿಗೆ ಹೋದರು. ನಾನು ಮರದಡಿಯೇ ನಿಂತೆ.

ಆಕೆ ಒದ್ದೆ ಇದ್ದಿಲನ್ನು ಮಣ್ಣಿಗೆ ಸುರಿದು, ಪೆಟ್ಟಿಗೆ ತಣ್ಣಗಾದ ಮೇಲೆ ಬೋರಲು ಮಾಡಿದರು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕೂದಲೆಳೆಯಂಥ ಬಿರುಕು. ಅದರ ಮೇಲೆ ಸೆರಗಿನ ತುದಿ ಎಳೆದರು. ದಾರ ಸಿಕ್ಕಿಕೊಂಡಿತು. ಬಿಡಿಸಿ, ಮತ್ತೆ ಎಳೆದರು. ಮತ್ತೆ ಸಿಕ್ಕಿಕೊಂಡಿತು.

"ಇದ್ರಾಗೆ ಇನ್ ಯಾರ ಬಟ್ಟೇನೂ ಮುಟ್ಟಂಗಿಲ್ಲ," ಎಂದರು. ಸಿಟ್ಟಿರಲಿಲ್ಲ. ಪೆಟ್ಟಿಗೆಯನ್ನು ನೆಲಕ್ಕಿಟ್ಟು ಕೇಳಿದರು: "ಒಂದ್ ಸಲ ಆಕಿದ್ರಿ, ಸರಿ. ಅವ್ರು ಏಳಿದ್ರು. ಎರಡ್ನೇ ಸಲ ಯಾಕೆ ಆಕಿದ್ರಿ ಸಾರ್?"

ಮೊದಲನೆಯ ಫೋಟೋ ಸರಿಯಾಗಿ ಬಂದಿರಲಿಲ್ಲ ಎಂದೆ.