ದನದ ದಲ್ಲಾಳಿ ಕೂಸಿಗೆ ಮನೆ ಹುಡುಕಿದ್ದು

ಬೆಟಗೇರಿಯ ರಹಮಾನಸಾಬನಿಗೆ ಮೋಸ ಮಾಡಬಲ್ಲ ಎತ್ತು ಮುಂಡರಗಿಯ ದನದ ಸಂತೆಗೆ ಇನ್ನೂ ಬಂದಿರಲಿಲ್ಲ. ಇಪ್ಪತ್ತು ವರ್ಷದಿಂದ ದಲ್ಲಾಳಿ. ಹಲ್ಲು ನೋಡಿ ವಯಸ್ಸು, ಸುಳಿ ನೋಡಿ ಗುಣ, ನಡಿಗೆ ನೋಡಿ ಹಿಂದಿನ ಒಡೆಯನ ಸಿಟ್ಟು ಎಷ್ಟೆಂದು ಹೇಳುತ್ತಿದ್ದ. ಇಂಥ ಪರಾಕ್ರಮಿಯನ್ನು ಎಪ್ಪತ್ತೆಂಟನೇ ಇಸವಿಯ ಬೇಸಿಗೆ ರಜೆಯ ಕೊನೆಯ ವಾರದಲ್ಲಿ ಎಂಟು ತಿಂಗಳ ಕೂಸೊಂದು ನೆಲಕ್ಕೆ ಕೆಡವಿತು.

ಕೂಸು ಅವನದೇ, ಮೋತಿಬಿ. ಹೆಂಡತಿ ಹಸೀನಾಬಿ ಉರ್ದು ಶಾಲೆಯ ಶಿಕ್ಷಕಿ. ಸೋಮವಾರ ಶಾಲೆ ಶುರು. ಮನೆಯಲ್ಲಿ ಹಿರಿಯರಿಲ್ಲ. ಹಗಲೆಲ್ಲ ಕೂಸನ್ನು ಯಾರ ಕೈಗೆ ಕೊಡುವುದು? ರಹಮಾನಸಾಬ ಒಂದು ಬೀಡಿ ಹಚ್ಚಿ, ಅದನ್ನು ಮರೆತು ಇನ್ನೊಂದು ಹಚ್ಚುತ್ತಿದ್ದ.

"ಎತ್ತು ಆರಿಸಿದಂಗ ಆರಸ್ರಿ, ಮುಗೀತು," ಎಂದಳು ಹಸೀನಾಬಿ.

"ಎತ್ತು ಕೆಟ್ಟದ್ದು ಬಂದ್ರ ತಿರುಗಿ ಮಾರಬೌದು," ಎಂದು ಗೊಣಗಿದ.

ಹಗಲು ಕೂಸು ನೋಡಿಕೊಳ್ಳುವವರಲ್ಲಿ ಊರೆಲ್ಲ ಹೊಗಳುತ್ತಿದ್ದುದು ಗದಗ ಸ್ಟೇಷನ್ ಹತ್ತಿರದ ಶಂಕ್ರೆವ್ವನನ್ನು. ಗುರುವಾರ ಹನ್ನೊಂದಕ್ಕೆ, ಹೇಳದೆ ಕೇಳದೆ, ನಮ್ಮ ವೀರ ದಾಳಿಯಿಟ್ಟ. ಸಾರಿಸಿದ ನೆಲ, ನಾಲ್ಕು ತೊಟ್ಟಿಲು, ನಾಲ್ಕರಲ್ಲೂ ನಿದ್ದೆ.

"ನಮ್ಮ ಮನ್ಯಾಗ ಅಳೂದು ಅನ್ನೂದ ಇಲ್ರಿ ಸಾಹೇಬ್ರ," ಎಂದಳು ಶಂಕ್ರೆವ್ವ.

ಮೆಚ್ಚಿ ಎದ್ದು ನಿಂತವನಿಗೆ ರೈಲಿನ ಸಿಳ್ಳೆ ಕೇಳಿಸಿತು. ಗೂಡಿನಲ್ಲಿದ್ದ ತಾಟುಗಳು ಝಣಗುಟ್ಟಿದವು. ಕೂಸುಗಳ ರೆಪ್ಪೆ ಅಲುಗಲಿಲ್ಲ. ಒಂದರ ತುಟಿಯ ಮೇಲೆ ನೊಣ ಆರಾಮಾಗಿ ಅಡ್ಡಾಡುತ್ತಿತ್ತು. ದಲ್ಲಾಳಿ ತೊಟ್ಟಿಲ ಹತ್ತಿರ ಹೋದ. ಹಾಯುವ ಎತ್ತಿಗೆ ಸಂತೆಯ ಬೆಳಿಗ್ಗೆ ಏನೋ ಕುಡಿಸಿ ಸಾಧುವಾಗಿ ನಿಲ್ಲಿಸುವವರನ್ನು ಅವನು ಬೇಕಾದಷ್ಟು ಕಂಡಿದ್ದ. ಅಂಥ ಎತ್ತಿನ ಕಿವಿಯಲ್ಲಿ ಊದಿದರೂ ಅದು ಕಿವಿ ಕೊಡವುವುದಿಲ್ಲ. ಬಗ್ಗಿ ಒಂದು ಕೂಸಿನ ಕಿವಿಯಲ್ಲಿ ಊದಿದ. ಅದೂ ಅಲುಗಲಿಲ್ಲ.

"ಏನ್ ಕುಡಸ್ತೀರವ್ವಾ?"

"ಹಾಲ್ರಿ."

"ಹಾಲಿನ್ಯಾಗ?"

"ಸಾಸಿವಿ ಕಾಳಿನಷ್ಟು ಅಫೀಮು. ನಮ್ಮವ್ವನೂ ನನಗ ಹಾಕತಿದ್ಳು. ನಾ ಏನ್ ಸತ್ತೇನೇನ್ರಿ?"

ಸಂಜೆಯೊಳಗೆ ಆ ನಾಲ್ಕೂ ಮನೆಗೆ ಖಬರು ಮುಟ್ಟಿಸಿದ. ಮೂವರು ತಾಯಂದಿರು ಓಡಿಬಂದು ಕೂಸು ಎತ್ತಿಕೊಂಡು ಹೋದರು; ನಾಲ್ಕನೆಯವಳು ಅವನನ್ನೇ ಬೈದು, ಆಮೇಲೆ ಓಡಿದಳು.

ಶುಕ್ರವಾರ ಕೂಸು ನೋಡುವ ಇನ್ನೊಬ್ಬಾಕೆ, ಬೆಟಗೇರಿಯ ನೇಕಾರರ ಓಣಿಯ ಮಾಳವ್ವನ ಸರದಿ. ಆಕೆಯ ಮನೆ ಕೇಳಬೇಕಾಗಿಯೇ ಇರಲಿಲ್ಲ, ಗದ್ದಲವೇ ಕೈಹಿಡಿದು ಕರೆದೊಯ್ದಿತು. ಒಂದು ಕೂಸು ತಾಟು ಬಡಿಯುತ್ತಿತ್ತು, ಒಂದು ಅಳುತ್ತಿತ್ತು, ಒಂದು ಆಕೆಯ ಸೆರಗಿಗೆ ಜೋತುಬಿದ್ದಿತ್ತು.

"ಹಿಂದ ಯಾರ ಮಕ್ಕಳ್ನ ನೋಡೀರಿ?"

"ಲಕ್ಷ್ಮೇಶ್ವರದಾಗ ಬಳಿ ಅಂಗಡಿ ಶೇಖಸಾಬರ ಮಗನ್ನ. ನನ್ನ ಕೈಯಾಗಿದ್ದಾಗ ಮೆಟ್ಟಲಿಂದ ಬಿದ್ದು ಹುಬ್ಬು ಒಡಕೊಂಡ. ಅದನ್ನೂ ಅವರನ್ನ ಕೇಳ್ರಿ."

ತನ್ನ ಎತ್ತಿನ ಐಬನ್ನು ತಾನೇ ಮೊದಲು ಹೇಳುವವರನ್ನು ರಹಮಾನಸಾಬ ಇಪ್ಪತ್ತು ವರ್ಷದಲ್ಲಿ ಇಬ್ಬರನ್ನು ಕಂಡಿದ್ದ. ಆದರೂ ಲಕ್ಷ್ಮೇಶ್ವರದ ಬಸ್ಸು ಹತ್ತಿದ.

"ಖರೆ, ಬಿದ್ದ," ಎಂದ ಶೇಖಸಾಬ. "ಆಕೀನ ಹುಡುಗನ್ನ ಎತಗೊಂಡು ದವಾಖಾನಿಗೆ ಓಡಿದ್ಳು, ಹಂಗ ಅಂಗಡಿಗೆ ಬಂದು ಹೇಳಿದ್ಳು. ಮುಚ್ಚಿಡಲಿಲ್ಲ."

ಒಡೆಯನ ಮಾತಿಗೆ ನಿಲ್ಲುವ ದಲ್ಲಾಳಿಯಲ್ಲ ಅವನು; ಆಕೆ ಹಿಂದೆ ಇದ್ದ ಓಣಿಗೆ ಹೋಗಿ ಪಕ್ಕದ ಮನೆಯವಳನ್ನೂ ಕೇಳಿದ. "ಭಾಳ ಗದ್ಲ ಮಾರಾಯಾ. ಮಧ್ಯಾಹ್ನ ಒಂದು ತಾಸು ಕಣ್ಣು ಮುಚ್ಚಾಕ ಬಿಡಲಿಲ್ಲ ಆಕಿ ಮನಿ ಕೂಸುಗೋಳು," ಎಂದಳಾಕೆ. ಆ ದೂರನ್ನು ಪದಕದಂತೆ ಎದೆಗೆ ಚುಚ್ಚಿಕೊಂಡು ಊರಿಗೆ ಮರಳಿದ.

ಸೋಮವಾರ ಮೋತಿಬಿಯನ್ನು ಮಾಳವ್ವನ ಕೈಗಿಟ್ಟು, ಮುಂಡರಗಿ ಬಸ್ಸಿಗೆ ಹೊರಟವನು ಆಕೆಯ ಹಿತ್ತಿಲ ಗೋಡೆಯ ಹಿಂದೆ ಕೂತ. ಮಗಳು ಊರು ಹಾರಿಹೋಗುವಂತೆ ಅಳುತ್ತಿದ್ದಳು. ಅಳು ಕೇಳುವಷ್ಟು ಹೊತ್ತು ಅವನು ಆರಾಮು. ಅಳು ನಿಂತಿತು, ಧಡಕ್ಕನೆ ಎದ್ದ. ಗೋಡೆ ಹತ್ತಿ ಇಣುಕಿದರೆ, ಮೋತಿಬಿ ಕಣ್ಣರಳಿಸಿ ಎರಡೂ ಕೈಯಿಂದ ಮಾಳವ್ವನ ಕೂದಲು ಕೀಳುತ್ತಿದ್ದಳು.

"ಇನ್ನೂ ಹೋಗಿಲ್ಲೇನ್ರಿ ಸಾಹೇಬ್ರ?"

"ಒಮ್ಮೆ ಅಳಸ್ರಿ ಯವ್ವಾ, ಕೇಳಿ ಹೋಗ್ತೇನಿ."

"ಇಳೀರಿ ಕೆಳಗ. ಇಲ್ಲಂದ್ರ ನಿಮ್ಮನ್ನ ಅಳಸ್ತೇನಿ."

ಇಳಿದು ಓಡಿದ. ಮುಂಡರಗಿ ಬಸ್ಸು ಹೋಗಿಬಿಟ್ಟಿತ್ತು. ಅವನಿಗೇನೂ ಬೇಸರವಾಗಲಿಲ್ಲ, ಇನ್ನೊಂದು ಬಸ್ಸು ಬರುವ ತನಕ ಕೂರಲು ಮಾಳವ್ವನ ಹಿತ್ತಿಲ ಗೋಡೆ ಇದ್ದೇ ಇತ್ತು.