ತಂಗಿಯ ಓದು, ಆಯಿಯ ಮರಾಠಿ

ತಂಗಿಯ ಶಾಲೆಯ ಆ ಗುರುಗಳ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವರಿಗಿಂತ ಹೆಚ್ಚು ನಮ್ಮ ಮನೆಯವರ ಮೇಲಿದೆ, ನನ್ನ ಮೇಲೂ ಇದೆ.

ಅಪ್ಪ ತೇರಗಾಂವದವರು, ಕನ್ನಡದವರು. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದರು. ತಾಯಿಯ ತವರು ಖಾನಾಪುರದ ಕಡೆ, ಅವಳ ಮಾತು ಮರಾಠಿ, ನಮಗವಳು ‘ಆಯಿ’. ಮನೆಯಲ್ಲಿ ಎರಡೂ ನಡೆಯುತ್ತಿದ್ದವು. ನಮ್ಮ ಓಣಿಯಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ತಂಗಿ ಮೂರನೇ ಇಯತ್ತೆಗೆ ಬಂದರೂ ಓದಲು ಒದ್ದಾಡುತ್ತಿದ್ದಳು. ಒಂದು ಸಾಲಿನಲ್ಲಿ ಕಷ್ಟಪಟ್ಟು ‘ಮರ’ ಓದಿ, ಮುಂದಿನ ಸಾಲಿನಲ್ಲಿ ಅದೇ ‘ಮರ’ ಬಂದರೆ ಮೊದಲ ಸಲ ಕಂಡವಳಂತೆ ನಿಲ್ಲುವಳು. ಆದರೆ ತವರಿನ ಎಮ್ಮೆ ಮದುವೆಯ ಚಪ್ಪರಕ್ಕೆ ನುಗ್ಗಿದ ಕತೆಯನ್ನು ಆಯಿ ಅಕ್ಕಿ ಆರಿಸುತ್ತ ಒಮ್ಮೆ ಹೇಳಿದರೆ ಸಾಕು, ಒಂದು ಮಾತೂ ಬಿಡದೆ ಆಯಿಯದೇ ಧಾಟಿಯಲ್ಲಿ ಅಪ್ಪನಿಗೆ ಒಪ್ಪಿಸುತ್ತಿದ್ದಳು.

ಗುರುಗಳು ಅಪ್ಪನನ್ನು ಕರೆಸಿದರು. “ನಿಮ್ಮ ಮನ್ಯಾಗ ಮರಾಠಿ ಭಾಳ ಆಗೇತ್ರಿ. ಹುಡುಗಿ ತಲಿಯೊಳಗ ಎರಡೂ ಕಲಸಿಬಿಟ್ಟಾವ. ಮೊದಲ ಅದನ್ನ ನಿಲ್ಲಸ್ರಿ,” ಎಂದರು. ಅದೇ ಮರಾಠಿ ಕೇಳಿ ಬೆಳೆದ ನಾನು ಅದೇ ಶಾಲೆಯಲ್ಲಿ ಗಡಗಡನೆ ಓದುತ್ತಿದ್ದೆ. ಇವಳಿಗೆ ಮಾತ್ರ ಅದು ಹೇಗೆ ಅಡ್ಡ ಬಂತು ಎಂದು ಒಬ್ಬರಾದರೂ ಕೇಳಬೇಕಿತ್ತೋ ಬೇಡವೋ? ಅಪ್ಪ ತಲೆಯಾಡಿಸಿ ಬಂದರು. ಅಂದಿನಿಂದ ಆಯಿಯನ್ನು ‘ಅವ್ವ’ ಎನ್ನಬೇಕೆಂದಾಯಿತು. ಅವಳು ಬಾಯಿತಪ್ಪಿ ಮರಾಠಿ ಆಡಿದರೆ ತಡೆಯುವ ಕೆಲಸ ನನ್ನದು. ಆ ಅಧಿಕಾರ ನನಗೆ ರುಚಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆಯಿಯ ಕನ್ನಡ ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಷ್ಟಿತ್ತು, ಕತೆ ಹೇಳುವಷ್ಟಿರಲಿಲ್ಲ. “ಬಾ. ಉಣ್ಣು. ಸಾಕು.” ತಂಗಿಯ ಜೊತೆ ಅವಳ ಮಾತು ಇಷ್ಟಕ್ಕೆ ಬಂದು ನಿಂತಿತು. ಹೀಗೆ ಎರಡು ವರ್ಷ. ಹೆತ್ತ ಮಗಳ ಮುಂದೆ ಅವಳನ್ನು ಮೂಕಿ ಮಾಡಿದೆವು, ತಂಗಿಯ ಓದು ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ನಾಲ್ವರೂ ಧಾರವಾಡಕ್ಕೆ ಹೋದೆವು. ಅಲ್ಲಿ ಒಬ್ಬರು ಡಾಕ್ಟರಮ್ಮ ಅರ್ಧ ದಿನ ತಂಗಿಯನ್ನು ಕೂರಿಸಿಕೊಂಡು ನೋಡಿದರು. “ಅಕ್ಷರ ಕಂಡ ಕೂಡಲೆ ಅದಕ್ಕ ಸಪ್ಪಳ ಜೋಡಸೂ ಕೆಲಸ ಈಕಿ ಮಿದುಳಿನ್ಯಾಗ ಬ್ಯಾರೆ ರೀತಿ ನಡೀತೈತ್ರಿ. ಹುಡುಗಿ ಶಾಣ್ಯಾಕಿ ಅದಾಳ. ನಾವ ಕಲಸೂ ರೀತಿ ಬದಲ ಮಾಡೂಣು,” ಎಂದರು. ಅಪ್ಪ ಅಳುಕುತ್ತ ಮರಾಠಿಯ ವಿಷಯ ತೆಗೆದರು. “ಅದಕ್ಕೂ ಇದಕ್ಕೂ ಏನ್ ಸಂಬಂಧ್ರಿ? ಕಿವಿಲೆ ಕಲಿಯೂ ಹುಡುಗಿ ಇದು. ಆಕಿ ಜೋಡಿ ಎಷ್ಟ ಮಾತಾಡ್ತೀರಿ ಅಷ್ಟ ಛಲೋ.” ಅಪ್ಪ ಮುಖ ಒರೆಸಿಕೊಂಡರು.

ತಿರುಗಿ ಬರುವಾಗ ಬಸ್ಸು ಹಳಿಯಾಳ ದಾಟಿತು. ಆಯಿ ತಂಗಿಯನ್ನು ಹತ್ತಿರ ಎಳೆದುಕೊಂಡು, ಮೆಲ್ಲಗೆ, ಮರಾಠಿಯಲ್ಲಿ ಆ ಎಮ್ಮೆಯ ಕತೆ ಶುರು ಮಾಡಿದಳು. ಎರಡು ಮಾತು ಆಗಿರಬೇಕು, ತಂಗಿ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು.

“ಬ್ಯಾಡವ್ವ. ಮತ್ತ ನನಗ ಓದಾಕ ಬರೂದಿಲ್ಲ.”

ಹಾಗೆಂದು ನನ್ನ ಕಡೆ ನೋಡಿದಳು, ನಾನು ಇನ್ನೂ ಯಾಕೆ ತಡೆದಿಲ್ಲ ಎನ್ನುವಂತೆ.